ಬಹಳ ಬರೆಯುವವನು ಎಂಬ ಬೈಗುಳ

ಎದುರುಮನೆಯ ಮುದುಕನಿಗೆ ನಾನು ಒಂದು ಚಳಿಗಾಲ ಪೂರ್ತಿ ಕಸ ತಿನ್ನಿಸಿದೆ.

ಬೇಕಂತಲೇ ಅಲ್ಲ. ಆದರೆ ತಿನ್ನಿಸಿದ್ದು ನಿಜ. ಅವನು ಚಪ್ಪರಿಸಿ ತಿಂದದ್ದೂ ನಿಜ.

ಸ್ಟುಟ್‌ಗಾರ್ಟಿನಲ್ಲಿ ನನ್ನ ಮಗಳು ಗಿರಿಜಾಳ ಮನೆ ಗುಡ್ಡದ ಮೇಲಿನ ಹಳೆಯ ಕಟ್ಟಡವೊಂದರಲ್ಲಿದೆ. (ಈ ಊರಿನಲ್ಲಿ ಹಾಲು ತರಬೇಕೆಂದರೂ ಗುಡ್ಡ ಇಳಿದು ಗುಡ್ಡ ಹತ್ತಬೇಕು. ಮೇಲೆ ದೇವರಿಲ್ಲದ ಗುಡ್ಡವನ್ನು ಇಷ್ಟು ಸಲ ಹತ್ತಿದವಳು ನಾನೊಬ್ಬಳೇ ಇರಬೇಕು.) ನಮ್ಮ ಬಾಗಿಲಿಗೆ ಎದುರು ಬಾಗಿಲು ಹೆರ್ ಕ್ರೂಗ್ಲರ್ (ಹೆರ್ ಅಂದರೆ ಶ್ರೀಯುತ) ಎಂಬ ಮುದುಕನದು. ಆಸ್ಟ್ರಿಯಾ ದೇಶದವನು, ಒಂಟಿ. ನನ್ನನ್ನು ಕಂಡಾಗಲೆಲ್ಲ ಟೋಪಿ ತೆಗೆದು, ಸೊಂಟ ಬಗ್ಗಿಸಿ, ಏನೋ ಅನ್ನುತ್ತಿದ್ದ.

"ಏನಂತಾನ ಆ ಮುದುಕ?" ಎಂದು ಗಿರಿಜಾಳನ್ನು ಕೇಳಿದೆ.

"ನಿಮ್ಮ ಕೈಗೆ ಮುತ್ತು ಕೊಡತೇನ್ರಿ ಅಂತಾರವ್ವಾ. ಅವರ ಕಡೆ ಹಳೇ ಮಂದಿ ಹಂಗ ನಮಸ್ಕಾರ ಮಾಡ್ತಾರ."

"ಬಾಯಿಲೆ ಅಂದ್ರ ಅನ್ನಲಿ. ಹತ್ರ ಬಂದ್ರ ಕಸಬರಿಗಿ ಐತಿ. ಉದ್ಯೋಗ ಏನಿತ್ತು ಅವಂದು?"

"ಕೊಂಪೊನಿಸ್ಟ್" ಎಂದು ಹೇಳಿ ಗಿರಿಜಾ ಆಸ್ಪತ್ರೆಗೆ ಹೊರಟುಹೋದಳು. ಡಾಕ್ಟರರು ಮನೆಯಲ್ಲಿ ಪೂರ್ತಿ ವಾಕ್ಯ ಆಡುವುದಿಲ್ಲ.

ಕಾಂಪೋಸ್ಟ್ ನನಗೆ ಗೊತ್ತಿಲ್ಲವೇ? ನನ್ನ ಓದುಗರಿಗೆ ತಿಳಿದೇ ಇದೆ, ನಾನು ಗದಗಿನಲ್ಲಿ ಖಾನಾವಳಿ ನಡೆಸಿದವಳು. ಹಿತ್ತಿಲಿನಲ್ಲಿ ನನ್ನದೇ ತಿಪ್ಪೆಗುಂಡಿ ಇತ್ತು. ಆ ಗೊಬ್ಬರದ ಬದನೆಕಾಯಿಯನ್ನು ಜನ ಕೇಳಿ ಕೇಳಿ ತಿನ್ನುತ್ತಿದ್ದರು. ಸರಿ, ಮುದುಕ ಗೊಬ್ಬರ ಮಾಡುವವನು, ಮರ್ಯಾದೆಯ ಕೆಲಸ ಎಂದುಕೊಂಡೆ. ಇಲ್ಲಿ ಕಸಕ್ಕೂ ಜಾತಿ ಉಂಟು. ಕಾಗದಕ್ಕೆ ಒಂದು ಡಬ್ಬಿ, ಪ್ಲಾಸ್ಟಿಕ್ಕಿಗೆ ಒಂದು, ಕಾಯಿಪಲ್ಲೆ ಸಿಪ್ಪೆಗೆ ಇನ್ನೊಂದು. ಅವಕ್ಕಾಗಿ ಮೆಟ್ಟಿಲು ಇಳಿಯುವುದಕ್ಕಿಂತ ಎದುರುಮನೆಗೆ ಕೊಟ್ಟರಾಯಿತು. ಶುಕ್ರವಾರ ಬಂತೆಂದರೆ ಗಜ್ಜರಿ ತುದಿ, ಕೊತ್ತಂಬರಿ ದಂಟು, ಆಲೂಗಡ್ಡೆ ಸಿಪ್ಪೆ, ಎಲ್ಲ ತೊಳೆದು (ನನ್ನ ಕಸವೂ ಸ್ವಚ್ಛ), ಕಾಗದದ ಚೀಲದಲ್ಲಿ ಹಾಕಿ ಅವನ ಕೈಗೆ ಕೊಡುತ್ತಿದ್ದೆ. ಅವನು ಇನ್ನಷ್ಟು ಬಗ್ಗುತ್ತಿದ್ದ.

ಚಳಿ ಕಡಿಮೆಯಾದ ಮೇಲೆ ಒಂದು ದಿನ ಗಿರಿಜಾ ಮೆಟ್ಟಿಲು ಹತ್ತಿ ಬಂದವಳೇ, "ಅವ್ವಾ, ಕ್ರೂಗ್ಲರ್ ಅವರು ನಿನಗ ಭಾಳ ಥ್ಯಾಂಕ್ಸ್ ಹೇಳ್ಯಾರ. ಶುಕ್ರವಾರ ಶುಕ್ರವಾರ ಸೂಪಿಗೆ ಕಾಯಿಪಲ್ಲೆ ಕೊಡ್ತೀಯಂತಲ್ಲ?" ಎಂದಳು.

"ಸೂಪೇನು? ಅದು ಸಿಪ್ಪಿ!"

"ಸಿಪ್ಪಿ ಯಾಕ ಕೊಟ್ಟಿ ಅವರಿಗೆ?"

"ಕಾಂಪೋಸ್ಟ್ ಮಾಡಾಂವ ಅಂತ ನೀನ ಹೇಳಿದ್ದಿ!"

ಗಿರಿಜಾ ಅಲ್ಲೇ, ಚಪ್ಪಲಿ ಬಿಡುವ ಜಾಗದಲ್ಲೇ, ನೆಲಕ್ಕೆ ಕೂತು ನಕ್ಕಳು. ಇಲ್ಲಿಯ ಅಂಗಡಿಗಳಲ್ಲಿ ಸೂಪಿಗೆಂದೇ ಗಜ್ಜರಿ, ಸೊಪ್ಪು, ಗಡ್ಡೆ ಸೇರಿಸಿ ಒಂದು ಕಟ್ಟು ಮಾರುತ್ತಾರೆ. ಮುದುಕ ನನ್ನ ಕಸವನ್ನು ಅಂಥದೇ ಕಟ್ಟು ಎಂದು ತಿಳಿದಿದ್ದ. ಭಾರತದವರು ಸಣ್ಣಗೆ ಹೆಚ್ಚಿ ಕೊಡುತ್ತಾರೆ ಎಂದು ಅವನಿಗೆ ಇನ್ನೂ ಖುಷಿ.

"ಕೊಂಪೊನಿಸ್ಟ್ ಅಂದ್ರ ಹಾಡಿಗೆ ರಾಗ ಹಾಕಾಂವ ಅವ್ವಾ. ಒಪೆರಾ ಬರೀತಾರ ಅವರು. ನಮ್ಮ ಕಂಪನಿ ನಾಟಕ ಇದ್ದಂಗ, ಆದರ ಮಾತು ಇಲ್ಲ, ಪೂರಾ ಹಾಡು."

ತಪ್ಪು ಯಾರದು? ಆ ಎರಡು ಶಬ್ದಗಳನ್ನು ಅಷ್ಟು ಹತ್ತಿರ ಇಟ್ಟವರದು. ಆದರೂ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಎದುರುಮನೆಗೆ ಹೋದೆ. ಗಿರಿಜಾ ಜೊತೆಗೆ ಬಂದು ಸಂಗತಿ ಹೇಳಿದಳು. ಮುದುಕನಿಗೆ ಸಿಟ್ಟು ಬರಲಿಲ್ಲ. ಯುದ್ಧ ಮುಗಿದ ಹೊಸದರಲ್ಲಿ ಅವನ ತಾಯಿ ಸಿಪ್ಪೆಯಲ್ಲೇ ಸೂಪು ಕಾಯಿಸುತ್ತಿದ್ದಳಂತೆ. "ನಿನ್ನ ಸಿಪ್ಪಿ ಅವರ ತಾಯಿ ಸಿಪ್ಪಿಗಿಂತ ಚಲೋ ಇತ್ತಂತ" ಎಂದು ಗಿರಿಜಾ ತಿಳಿಸಿದಳು. ಇಂಥ ಹೊಗಳಿಕೆ ನನಗೆ ಹಿಂದೆ ಬಂದಿರಲಿಲ್ಲ.

ಅವತ್ತು ನೋಡಿದೆ ಅವನ ಮನೆಯನ್ನು. ಗೋಡೆ ಕಾಣುವುದಿಲ್ಲ, ಬರೀ ಕಾಗದ. ಐದೈದು ಗೆರೆಯ ಮೇಲೆ ಇರುವೆ ಹರಿದಂತೆ ಕಪ್ಪು ಚುಕ್ಕೆ. ಎಷ್ಟು ಒಪೆರಾ ಬರೆದಿದ್ದಾನೆ? ನಲವತ್ತಕ್ಕೆ ಒಂದು ಕಡಿಮೆಯೋ, ಒಂದು ಹೆಚ್ಚೋ, ಅವನಿಗೇ ನೆನಪಿಲ್ಲ. ದೊಡ್ಡ ಊರಿನ ದೊಡ್ಡ ಥಿಯೇಟರಿನವರು ಅವನನ್ನು ಕರೆದದ್ದು ಒಮ್ಮೆ ಮಾತ್ರ. ಉಳಿದದ್ದೆಲ್ಲ ಸಣ್ಣ ಸಣ್ಣ ಊರಿನವರು ಕೇಳಿ ಬರೆಸಿಕೊಂಡದ್ದು. ಬೇಕರಿಯವರ ಸಂಘಕ್ಕೆ ಒಂದು, ಗಣಿ ಕೆಲಸದವರ ಹಬ್ಬಕ್ಕೆ ಒಂದು, ಬೆಂಕಿ ಆರಿಸುವ ಫಾಯರ್‌ವೇರ್‌ನವರಿಗೆ ಒಂದು. ಹಾಡುವವರೂ ಅವರೇ. ಹಗಲು ಹಿಟ್ಟು ನಾದುವವನು ಸಂಜೆ ರಾಜ.

ಬರೆಯುವಾಗ ಮುದುಕ ಪಿಯಾನೋ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಸದ್ದು ಮಾಡಬಾರದೆಂಬ ಕಾನೂನು ಇಲ್ಲಿದೆ, ಕೆಳಗಿನ ಮನೆಯಾಕೆ ಅದನ್ನು ಕಾಯಲೆಂದೇ ಹುಟ್ಟಿದವಳು. ಅದಕ್ಕೇ ಅಡುಗೆಮನೆಯ ಟೇಬಲ್ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ಬರೆಯುತ್ತಿದ್ದ. ನನ್ನ ಖಾನಾವಳಿಗೆ ಉಣ್ಣಲು ಬರುತ್ತಿದ್ದ ನಾಟಕ ಕಂಪನಿಯ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರನೂ ಹೀಗೇ ತಾಟಿನ ಅಂಚು ಬಡಿಯುತ್ತಿದ್ದ. ಪಲ್ಯ ಆರಿಹೋಗುತ್ತಿತ್ತು, ರಾಗ ಆಗುತ್ತಿತ್ತು.

ಇಷ್ಟೇ ಆಗಿದ್ದರೆ ಈ ವಾರ ನಿಮ್ಮನ್ನು ನಗಿಸಿ ಬಿಟ್ಟುಬಿಡುತ್ತಿದ್ದೆ. ಆದರೆ ನನಗೆ ಸಿಟ್ಟು ಬಂದಿದೆ.

ಮಾರ್ಚಿನಲ್ಲಿ ಮುದುಕ ಮೆಟ್ಟಿಲ ಮೇಲೆ ಬಿದ್ದ. ಸೊಂಟದ ಮೂಳೆ. ಇನ್ನು ಒಬ್ಬನೇ ಇರಲಾಗದು, ಮುದುಕರ ಹೈಮಿಗೆ, ಅಂದರೆ ವೃದ್ಧಾಶ್ರಮಕ್ಕೆ, ಹೋಗಬೇಕು ಎಂದಾಯಿತು. ಹೈಮಿನಲ್ಲಿ ಅವನಿಗೆ ಸಿಗುವುದು ಒಂದು ಕೋಣೆ, ಒಂದು ಮಂಚ, ಒಂದು ಕಪಾಟು. ಮನೆ ಖಾಲಿ ಮಾಡಿಸಲು ಆಸ್ಟ್ರಿಯಾದಿಂದ ಅವನ ತಂಗಿಯ ಮಗ ಮಾರ್ಟಿನ್ ಬಂದ. ಶಾಲೆಯಲ್ಲಿ ಸಂಗೀತ ಕಲಿಸುವವನಂತೆ.

ಆ ವಾರ ಕೇರ್‌ವೋಖೆ ನಮ್ಮದು. ಅಂದರೆ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ. ಈ ಊರಿನಲ್ಲಿ ಅದು ಮನೆ ಮನೆಗೆ ತಿರುಗುತ್ತದೆ, ಪಾಳಿ ಇದ್ದವರ ಬಾಗಿಲಿಗೆ ಒಂದು ಹಲಗೆ ನೇತುಹಾಕುತ್ತಾರೆ. ಹಲಗೆ ನನ್ನ ಬಾಗಿಲಿನಲ್ಲಿದ್ದ ವಾರ ಮೆಟ್ಟಿಲು ನನ್ನದು. ನಾನು ಗುಡಿಸುತ್ತಿದ್ದೆ, ಮಾರ್ಟಿನ್ ಒಂದೊಂದೇ ಪೆಟ್ಟಿಗೆ ಹೊತ್ತು ಕೆಳಗಿಳಿಸುತ್ತಿದ್ದ. ಇಣುಕಿದೆ. ಇರುವೆ ಸಾಲು.

"ಎಲ್ಲಿಗೆ ಇವೆಲ್ಲಾ?" ಎಂದು ಕನ್ನಡದಲ್ಲೇ ಕೇಳಿದೆ. ಕೈಯಲ್ಲಿ ಕಸಬರಿಗೆ ಇದ್ದರೆ ಯಾವ ಭಾಷೆಯೂ ಅರ್ಥವಾಗುತ್ತದೆ.

"ಆಲ್ಟ್‌ಪಪೀರ್" ಎಂದ.

ರದ್ದಿ! ಅದು ನನಗೆ ಗೊತ್ತಿರುವ ಜರ್ಮನ್. ಕೂಗು ಹಾಕಿ ಗಿರಿಜಾಳನ್ನು ಕರೆದೆ. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ಮಾತಾಡಿದರು.

"ಏನಂತಾನ?"

"ಮಾಮಾನ ಹುಟ್ಟಿದೂರಿನ ಮ್ಯೂಸಿಯಂನವರು ಒಂದು ಒಪೆರಾ ಇಟ್ಕೋತಾರಂತ. ಮುಖ್ಯದ್ದು ಯಾವ್ದು ಅಂತ ಆರಿಸಿ ಕೊಡ್ರಿ ಅಂದಾರಂತ. ನಾಳೆ ಸಂಜೀಕ ವ್ಯಾನ್ ಹೊರಡತೈತಿ. ಉಳಿದದ್ದು ಇಡಾಕ ಯಾರ ಕಡೆನೂ ಜಾಗಾ ಇಲ್ಲ."

"ಒಂದ ಯಾಕ?"

ಮಾರ್ಟಿನ್ ಹೆಗಲು ಕುಣಿಸಿ ಒಂದು ಶಬ್ದ ಹೇಳಿದ. ಫೀಲ್‌ಶ್ರೈಬರ್.

"ಹಂಗಂದ್ರ?"

"ಭಾಳ ಬರಿಯಾಂವ ಅಂತ."

"ಅದು ನನಗೂ ಕಾಣತೈತಿ. ಒಂದ ಯಾಕ ಅಂತ ಕೇಳು."

"ಅವ್ವಾ, ಅದ ಉತ್ತರ. ಅದು ಬೈಗಳ."

ಕಸಬರಿಗೆ ಕೈಯಲ್ಲೇ ಉಳಿಯಿತು. ಬೈಗುಳ! ಕಳ್ಳ ಎನ್ನುವುದು ಬೈಗುಳ, ಸುಳ್ಳ ಎನ್ನುವುದು ಬೈಗುಳ. ಬಹಳ ಕೆಲಸ ಮಾಡಿದವನು ಎನ್ನುವುದು ಯಾವ ಊರಿನ ಬೈಗುಳ? ಅದಕ್ಕೆಂದೇ ಒಂದು ಶಬ್ದ ಮಾಡಿ ಇಟ್ಟುಕೊಂಡಿದ್ದಾರಲ್ಲ! ಏನೂ ಮಾಡದೆ ಕೂತವನಿಗೆ ಈ ದೇಶದವರು ಸೋಮಾರಿ ಅನ್ನುತ್ತಾರೆ. ದಿನವೂ ಮಾಡಿದವನಿಗೆ ಇದನ್ನು ಅನ್ನುತ್ತಾರೆ. ಹಾಗಾದರೆ ಮನುಷ್ಯ ಎಷ್ಟು ಮಾಡಬೇಕು? ಅಳತೆ ಕೊಡಿ.

ಮಾರ್ಟಿನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಶಾಲೆಗೆ ರಜೆ ಹಾಕಿ ಬಂದು ಮಾಮನಿಗೆ ಸ್ನಾನ ಮಾಡಿಸಿದ್ದಾನೆ, ಉಗುರು ಕತ್ತರಿಸಿದ್ದಾನೆ. ಆದರೆ ಕಲಿತವರು ಹೇಳಿಕೊಟ್ಟದ್ದನ್ನು ಅವನೂ ಕಲಿತಿದ್ದಾನೆ. ಕಡಿಮೆ ಬರೆದರೆ ದೊಡ್ಡವನು. ಹತ್ತು ವರ್ಷಕ್ಕೆ ಒಂದು ಬರೆದರೆ ಇನ್ನೂ ದೊಡ್ಡವನು. ಏನೂ ಬರೆಯದೆ ಸತ್ತರೆ ಬಹುಶಃ ಪುತ್ಥಳಿ.

ನಮ್ಮವರೇನು ಕಡಿಮೆಯೇ? ಮೊನ್ನೆ, ತಡವಾಗಿ ಮಾಡಿದ ಯುಗಾದಿಗೆ, ಇಲ್ಲಿಯ ಕನ್ನಡದವರೆಲ್ಲ ಸೇರಿದಾಗ ಈ ಕತೆ ಹೇಳಿದೆ. ಬೆಂಗಳೂರಿನ ಕಂಪ್ಯೂಟರ್ ಹುಡುಗನೊಬ್ಬ, ಒಳ್ಳೆಯವನೇ, ಹೋಳಿಗೆ ತಿನ್ನುತ್ತಾ, "ಅಮ್ಮಾ, ಕ್ವಾಂಟಿಟಿ ಮುಖ್ಯ ಅಲ್ಲ, ಕ್ವಾಲಿಟಿ ಮುಖ್ಯ" ಅಂದ.

"ಎಷ್ಟನೇದು ಅದು ಹೋಳಿಗಿ?" ಅಂದೆ.

"ನಾಲ್ಕನೇದಮ್ಮಾ."

"ಕ್ವಾಲಿಟಿ ಒಂದರಾಗ ಗೊತ್ತಾಗಲಿಲ್ಲೇನು?"

ಅವನ ಗೆಳೆಯರು "ಮಗಾ, ಔಟ್!" ಎಂದು ಕೂಗಿದರು. ಆದರೆ ನನ್ನ ಸಿಟ್ಟು ತಮಾಷೆಯಲ್ಲಿ ಇಳಿಯುವಂಥದ್ದಲ್ಲ. ಕ್ವಾಲಿಟಿ ಎನ್ನುವುದು ಆಕಾಶದಿಂದ ಬೀಳುತ್ತದೆಯೇ? ಮೊದಲ ರೊಟ್ಟಿ ಹರಿಯುತ್ತದೆ. ಎರಡನೆಯದು ಸೀಯುತ್ತದೆ. ಸಾವಿರ ತಟ್ಟಿದ ಮೇಲೆ ಕೈಗೆ ಗುಂಡನೆಯ ರೊಟ್ಟಿ ಗೊತ್ತಾಗುತ್ತದೆ. ಆಗ ಯಾರಾದರೂ ಬಂದು, ಇವಳು ಬಹಳ ರೊಟ್ಟಿ ತಟ್ಟುವವಳು, ಇವಳ ಒಂದೇ ಒಂದು ಮುಖ್ಯವಾದ ರೊಟ್ಟಿ ಎತ್ತಿಡಿ ಎಂದರೆ?

ಮೆಟ್ಟಿಲಿಗೆ ಬರೋಣ. ಪೆಟ್ಟಿಗೆಗಳನ್ನು ಅಲ್ಲೇ ಇಡಿಸಿ ಮುದುಕನ ಮನೆಯೊಳಗೆ ಹೋದೆವು. ಮುದುಕ ಊರುಗೋಲು ಪಕ್ಕಕ್ಕಿಟ್ಟು ಅಡುಗೆಮನೆಯಲ್ಲಿ ಕೂತಿದ್ದ. ಆರಿಸಬೇಕಾದವನು ಅವನೇ. ಎರಡು ದಿನದಿಂದ ಆರಿಸುತ್ತಿದ್ದಾನೆ, ಆಗುತ್ತಿಲ್ಲ. ಹೊತ್ತಾಯಿತೆಂದು ಮಾರ್ಟಿನ್ ತನಗೆ ಬೇಡವೆನಿಸಿದ್ದನ್ನು ಇಳಿಸತೊಡಗಿದ್ದ. ಮಕ್ಕಳಲ್ಲಿ ಒಂದನ್ನು ಇಟ್ಟುಕೋ ಎಂದರೆ ಹೇಗೆ ಎಂದು ಕೇಳಿದ.

ಈ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ತಾಯಿಗೆ ಮಕ್ಕಳೆಲ್ಲ ಒಂದೇ ಎನ್ನುವುದು ಸುಳ್ಳು. ನನಗೆ ನಾಲ್ಕು ಮಕ್ಕಳು. ಕೆಲಸಕ್ಕೆ ಬಾರದ್ದು ಯಾವುದೆಂದು ಯಾರಾದರೂ ಕೇಳಿದರೆ ರೊಟ್ಟಿ ತಟ್ಟುತ್ತಲೇ ಹೇಳುತ್ತೇನೆ. (ಗಿರಿಜಾ, ನೀನಲ್ಲ. ಈ ವಾರ ನೀನಲ್ಲ.)

"ಹಾಡು ಅಂತ ಹೇಳು. ಕೇಳಿ ನಾ ಆರಸ್ತೀನಿ" ಅಂದೆ.

"ಅವ್ವಾ, ನಿನಗೇನು ತಿಳೀತೈತಿ?"

"ಕಿವಿ ಅದಾವಿಲ್ಲ?"

ಮುದುಕನಿಗೆ ಜೀವ ಬಂತು. ಟೇಬಲ್ ತಟ್ಟುತ್ತಾ ಹಾಡಿದ. ಗಂಟಲು ಒಡೆದದ್ದು, ಆದರೆ ತಾಳ ತಪ್ಪಲಿಲ್ಲ. ಬೇಕರಿಯವರ ಒಪೆರಾದಲ್ಲಿ ಹಿಟ್ಟು ಉಬ್ಬುವುದಿಲ್ಲವೆಂದು ಹಟ ಮಾಡುತ್ತದೆ, ಬೇಕರಿಯವ ಅದನ್ನು ಲಾಲಿ ಹಾಡಿ ಒಲಿಸುತ್ತಾನೆ. ಫಾಯರ್‌ವೇರ್‌ನವರದರಲ್ಲಿ ಬೆಂಕಿಯೇ ಒಬ್ಬ ಹೆಂಗಸು. ಆರಿಸಲು ಬಂದವನ ಮೇಲೆ ಅವಳಿಗೆ ಮನಸ್ಸು. ಅವನ ಕೈಯಲ್ಲಿ ನೀರಿನ ಪೈಪು. ನಾನು ನಕ್ಕೆ. ಮಾರ್ಟಿನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಆಮೇಲೆ ಗಣಿಯವರದು ಶುರು ಮಾಡಿದ. ನಾಲ್ಕು ಸಾಲು ಆಗುವುದರೊಳಗೆ ಕೈ ಎತ್ತಿದೆ.

"ಏ, ನಿಲ್ಲಸು! ಇದು ಹಿಟ್ಟಿನ ಲಾಲಿ!"

ಗಿರಿಜಾ ಹೇಳಲು ಅಳುಕಿದಳು. ನಾನೇ ಹಿಟ್ಟು ನಾದುವಂತೆ ಕೈ ಮಾಡಿ ತೋರಿಸಿದೆ. ಮುದುಕನಿಗೆ ಕೆಮ್ಮು ಬರುವಷ್ಟು ನಗು. "ಗಣಿಯವರು ಬೇಕರಿಯವರ ಹಬ್ಬಕ್ಕೆ ಯಾಕ ಹೋಗ್ತಾರ, ಅವರಿಗೆ ಹೆಂಗ ಗೊತ್ತಾಗತೈತಿ ಅಂತಾರ" ಎಂದು ಗಿರಿಜಾ ಹೇಳಿದಳು.

"ನೋಡಿ, ಇದನ್ನೇ ನಾನು ಹೇಳಿದ್ದು" ಎಂಬಂತೆ ಮಾರ್ಟಿನ್ ಕೈ ಚಾಚಿದ. ಒಂದೇ ರಾಗ ಎರಡು ಕಡೆ!

ಇದ್ದರೆ? ನಮ್ಮ ಪೇಟಿ ಮಾಸ್ತರ ಗದಗಿನಲ್ಲಿ ಸೀತೆಗೆ ಹಾಕಿದ ರಾಗವನ್ನು ಬಾಗಲಕೋಟೆಯಲ್ಲಿ ಶೂರ್ಪನಖಿಗೆ ಹಾಕುತ್ತಿದ್ದ. ಎರಡೂ ಊರಿನವರು ಒನ್ಸ್ ಮೋರ್ ಎಂದರು. ನಾನು ಖಾನಾವಳಿಯಲ್ಲಿ ದಿನವೂ ಹೊಸ ಸಾರು ಮಾಡುತ್ತಿದ್ದೆನೇ? ಅದೇ ಬೇಳೆ, ಅದೇ ಖಾರ. ಹಸಿವು ಮಾತ್ರ ದಿನವೂ ಹೊಸದು.

ಕಡೆಗೆ ದೊಡ್ಡ ಥಿಯೇಟರಿನವರು ಬರೆಸಿದ್ದು ಬಂತು. ಮ್ಯೂಸಿಯಂನವರ ಮನಸ್ಸಿನಲ್ಲಿ ಇದೇ ಇರಬೇಕು ಎಂದು ಮಾರ್ಟಿನ್ ಹೇಳಿದ. ಪೇಪರಿನವರು ಆಗ ಬಹಳ ಹೊಗಳಿದ್ದರಂತೆ, ಒಂದೇ ಸಂಜೆ ಆಡಿ ನಿಲ್ಲಿಸಿದರಂತೆ. ಅದರಲ್ಲಿ ಒಬ್ಬ ರಾಜ ಸಾಯುತ್ತಾನೆ. ಸಾಯುತ್ತಾನೆ. ಇನ್ನೂ ಸಾಯುತ್ತಾನೆ. ಮುದುಕ ಹಾಡುತ್ತಲೇ ಇದ್ದ, ರಾಗ ಎಲ್ಲಿಯೂ ಕೂರಲಿಲ್ಲ. ಗಿರಿಜಾಳ ಕಣ್ಣು ಗಡಿಯಾರದ ಮೇಲೆ.

"ಇದನ್ನ ಕೊಡು ಮ್ಯೂಸಿಯಂಗೆ" ಅಂದೆ.

"ಇದು ಸೇರಿತೇನು ನಿನಗ?"

"ಇಲ್ಲ. ಯಾರೂ ಬಳಸದ ಸಾಮಾನು ಇಡಾಕಲ್ಲೇನು ಮ್ಯೂಸಿಯಂ?"

ಗಿರಿಜಾ ಅದನ್ನು ಜರ್ಮನ್ನಿಗೆ ತಿರುಗಿಸುವಾಗ ಸ್ವಲ್ಪ ಸಕ್ಕರೆ ಹಾಕಿದಳೆಂದು ನನಗೆ ಅನುಮಾನ. ಆದರೂ ಮುದುಕನಿಗೆ ಅರ್ಥವಾಯಿತು. ತಲೆದೂಗಿದ. ತಾನೇ ಆ ಕಟ್ಟನ್ನು ಎತ್ತಿ ಮಾರ್ಟಿನ್ನನ ಕೈಗೆ ಕೊಟ್ಟ. ಕೊಟ್ಟ ಮೇಲೆ ಹಗುರಾದಂತೆ ಕೂತ.

ಉಳಿದದ್ದು? ಉಳಿದದ್ದನ್ನು ರದ್ದಿಗೆ ಹಾಕಲು ನಾನು ಬಿಡಲಿಲ್ಲ. ಮೆಟ್ಟಿಲು ನನ್ನದು, ಹಲಗೆ ನನ್ನ ಬಾಗಿಲಲ್ಲಿದೆ. ಮಾರ್ಟಿನ್ ಹೊತ್ತ, ಗಿರಿಜಾಳ ಗಂಡ ನನ್ನ ಅಳಿಯ ಹೊತ್ತ, ಎಲ್ಲವನ್ನೂ ನಮ್ಮ ನೆಲಮಾಳಿಗೆಯ ಕೋಣೆಗೆ ಇಳಿಸಿದರು. ಈಗ ಅಲ್ಲಿ ಜೋಳದ ಹಿಟ್ಟಿನ ಚೀಲ, ಅಳಿಯನ ಸೈಕಲ್ಲು, ಉಪ್ಪಿನಕಾಯಿ ಜಾಡಿ, ಮತ್ತು ಒಬ್ಬ ಮನುಷ್ಯನ ಒಂದು ಜನ್ಮ. ಅಳಿಯನ ಮುಖ ಇನ್ನೂ ಸರಿಯಾಗಿಲ್ಲ.

ಬರೆಸಿಕೊಂಡವರಿಗೇ ವಾಪಸು ಕೊಡೋಣ ಎಂದು ಗಿರಿಜಾ ಊರೂರಿಗೆ ಫೋನು ಹಚ್ಚಿದಳು. ಬೇಕರಿಯವರ ಸಂಘವೇ ಈಗಿಲ್ಲ, ಆ ಊರಿಗೆ ಬ್ರೆಡ್ಡು ಫ್ಯಾಕ್ಟರಿಯಿಂದ ಬರುತ್ತದೆ. ಗಣಿ ಮುಚ್ಚಿದೆ. ಒಂದು ಊರಿನಲ್ಲಿ, ಇಮೇಲ್ ಮಾಡಿ, ನೋಡುತ್ತೇವೆ ಎಂದರು. ನೋಡುತ್ತಲೇ ಇದ್ದಾರೆ. ಫಾಯರ್‌ವೇರ್‌ನವರು ಮಾತ್ರ ಬಂದರು, ಕೆಂಪು ವ್ಯಾನಿನಲ್ಲಿ. ಇಬ್ಬರು ದಪ್ಪ ಮೀಸೆಯವರು. ಒಬ್ಬನ ಅಪ್ಪ ಆ ಪೈಪು ಹಿಡಿದವನ ಪಾತ್ರ ಮಾಡಿದ್ದನಂತೆ. ಬೆಂಕಿಯ ಹಾಡನ್ನು ಮೆಟ್ಟಿಲ ಮೇಲೆಯೇ ಗುನುಗಿದ. ಮಧ್ಯಾಹ್ನದ ಹೊತ್ತು. ಕೆಳಗಿನ ಮನೆಯಾಕೆ ಬಾಗಿಲು ತೆರೆದಳು, ಯೂನಿಫಾರ್ಮ್ ನೋಡಿ ಮುಚ್ಚಿದಳು.

ಒಂದು ಹೋಯಿತು. ಬಾಕಿ ಕೆಳಗಿವೆ. ಅವುಗಳನ್ನು ಯಾರು ಹಾಡುತ್ತಾರೋ ನನಗೆ ಗೊತ್ತಿಲ್ಲ, ಯಾರೂ ಹಾಡದೆಯೂ ಇರಬಹುದು. ನನ್ನ ನಂತರ ಅಳಿಯ ಏನು ಮಾಡುತ್ತಾನೆಂಬುದೂ ಗೊತ್ತಿದೆ. ಸುಳ್ಳು ಸಮಾಧಾನ ಹೇಳುವ ವಯಸ್ಸಲ್ಲ ನನ್ನದು.

ಶುಕ್ರವಾರ ಶುಕ್ರವಾರ ನಾನು ಸ್ಟಾಟ್‌ಬಾನ್ ರೈಲು ಹತ್ತಿ ಹೈಮಿಗೆ ಹೋಗುತ್ತೇನೆ. ಈಗ ಸಿಪ್ಪೆ ಅಲ್ಲ, ರೊಟ್ಟಿ. ಮೊದಲ ಸಲ ಹೋದಾಗ ಮುದುಕ ಗೋಡೆ ನೋಡುತ್ತಾ ಮಲಗಿದ್ದ, ಟೋಪಿ ಇಲ್ಲ, ಕೈಮುತ್ತಿನ ಮಾತೂ ಇಲ್ಲ. ಎರಡನೆಯ ಸಲ ನರ್ಸು ತಂದ ಊಟದ ತಾಟಿನ ಅಂಚನ್ನು ಬೆರಳಿನಿಂದ ತಟ್ಟುತ್ತಿದ್ದ. ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಟ್ರಾಮ್ ಓಡಿಸುತ್ತಿದ್ದವಳು. ಹೈಮಿನವರೇ ಹಾಡುವಂಥದ್ದೊಂದು ಒಪೆರಾ ಬರೆದುಕೊಡಿ, ಕೂತಲ್ಲೇ ಹಾಡುವಂತಿರಲಿ ಎಂದು ಕೇಳಿದ್ದಾಳೆ. ಮುದುಕ ನನ್ನನ್ನು ಕೇಳಿದ್ದು ರೊಟ್ಟಿಯಲ್ಲ, ಐದು ಗೆರೆಯ ಕಾಗದ. ತಂದುಕೊಟ್ಟೆ.

ಮೊನ್ನೆ ಮಾರ್ಟಿನ್ ಫೋನು ಮಾಡಿದ. ಗಿರಿಜಾ ಕೇಳಿಸಿಕೊಂಡು ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದಳು.

"ಅವ್ವಾ, ಇನ್ನ ಕಾಗದ ಒಯ್ಯಬ್ಯಾಡ ಅಂತ ಕೇಳ್ಕೋತಾರ. ಕೋಣಿ ಸಣ್ಣದು, ತುಂಬತೈತಿ. ಭಾಳ ಬರದಾರ, ಮಾಮಾಗ ಇನ್ನ ಸಾಕು ಅಂತ ಹೇಳ್ರಿ ಅಂತಾರ."

ನಾನು ರೊಟ್ಟಿ ತಟ್ಟುತ್ತಿದ್ದೆ. ಅವನಿಗೆ ಏನು ಉತ್ತರ ಹೇಳಿಸಿದೆ ಎಂಬುದನ್ನು ಇಲ್ಲಿ ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ. ನಿಮ್ಮನ್ನು ಮಾತ್ರ ಒಂದು ಕೇಳುತ್ತೇನೆ: ಮನೆಯಲ್ಲಿ ಅಡುಗೆ ಮಾಡುವವಳಿಗೆ, "ನಿನ್ನೆಯದು ಚೆನ್ನಾಗಿತ್ತು, ಇನ್ನು ಮಾಡಬೇಡ" ಎಂದು ನಿಮ್ಮಲ್ಲಿ ಯಾರಾದರೂ ಹೇಳಿದ್ದುಂಟೇ?